ಕಲ್ಲುಪುಡಿ, ಕಿಟ್ಟ ಮತ್ತು ಗಾಳಿಯ ಇಂಗಾಲ

ಜಲ್ಲಿ ಕ್ರಷರ್‌ಗಳ ಪಕ್ಕದಲ್ಲಿ ಕಲ್ಲುಪುಡಿಯ ರಾಶಿ, ಉಕ್ಕಿನ ಕಾರ್ಖಾನೆಗಳ ಬಳಿ ಕಿಟ್ಟದ ದಿಬ್ಬ, ಗಣಿಗಳ ಸುತ್ತ ಅದಿರು ತೆಗೆದ ಮೇಲೆ ಉಳಿದ ನುಣುಪಾದ ಶೇಷ, ಇವು ಕರ್ನಾಟಕದ ಅನೇಕ ಜಿಲ್ಲೆಗಳಲ್ಲಿ ಕಾಣಸಿಗುತ್ತವೆ. ಇವುಗಳನ್ನು ಎಲ್ಲಿ ಸುರಿಯಬೇಕೆಂಬುದೇ ಇದುವರೆಗಿನ ಚಿಂತೆಯಾಗಿತ್ತು. ಈಗ ಇವುಗಳಲ್ಲಿ ಕೆಲವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹಿಡಿದಿಡಬಲ್ಲವು ಎಂದು ತಿಳಿದುಬಂದಿರುವುದರಿಂದ, ಇವುಗಳ ಮೇಲೆ ಪ್ರಪಂಚದ ಗಮನ ಬಿದ್ದಿದೆ. ಅವುಗಳನ್ನು ಹರಡಲು ಬೇಕಾದ ವಿಶಾಲ ಜಾಗವೆಂದರೆ ರೈತರ ಹೊಲ. ಆದ್ದರಿಂದ ಈ ವಿಷಯ ರೈತರಿಗೆ ನೇರವಾಗಿ ಸಂಬಂಧಿಸಿದ್ದಾಗಿದೆ.

ಲಾರಿಗಟ್ಟಲೆ ಪುಡಿ ಉಚಿತವಾಗಿ ಬರುತ್ತದೆ ಎಂದಾಗ ಬೇಡವೆನ್ನುವುದು ಕಷ್ಟ. ಆದರೆ ಒಮ್ಮೆ ಹೊಲಕ್ಕೆ ಹರಡಿ ಉತ್ತ ಪುಡಿಯನ್ನು ಮತ್ತೆ ಹೊರಗೆ ತೆಗೆಯಲಾಗುವುದಿಲ್ಲ. ಸರಿಯಾದ ಪುಡಿ ಸರಿಯಾದ ಮಣ್ಣಿಗೆ ಬಿದ್ದರೆ ಹುಳಿ ತಗ್ಗಿ ಇಳುವರಿ ಹೆಚ್ಚುತ್ತದೆ. ತಪ್ಪು ಪುಡಿ ಬಿದ್ದರೆ ಭೂಮಿ ಬಹುಕಾಲ ಕೆಡುತ್ತದೆ. ಯಾವುದು ಹಿತ, ಯಾವುದು ಅಹಿತ ಎಂಬುದನ್ನು ಮೊದಲೇ ಅರಿತಿರುವುದು ಒಳ್ಳೆಯದು.

ಇಂಗಾಲ ಕಲ್ಲಾಗುವ ಬಗೆ

ಕೈಗಾರಿಕೆಗಳು ಬೆಳೆಯುವ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಭಾಗಗಳಷ್ಟಿತ್ತು. ಈಗ ಅದು 420 ಭಾಗಗಳನ್ನು ಮೀರಿದೆ. ಭೂಮಿಯ ಉಷ್ಣತೆ ಏರಲು ಮತ್ತು ಮಳೆಯ ಕ್ರಮ ತಪ್ಪಲು ಇದು ಮುಖ್ಯ ಕಾರಣ. ಈ ಅನಿಲವನ್ನು ಗಾಳಿಯಿಂದ ತೆಗೆದು ಗಟ್ಟಿ ರೂಪದಲ್ಲಿಡುವ ಕೆಲಸವನ್ನು ನಿಸರ್ಗ ಕೋಟ್ಯಂತರ ವರ್ಷಗಳಿಂದ ಕಲ್ಲುಗಳ ಮೂಲಕ ಮಾಡುತ್ತಾ ಬಂದಿದೆ.

ಇದನ್ನು ಅರಿಯಲು ಮನೆಯ ಗೋಡೆಗೆ ಬಳಿಯುವ ಸುಣ್ಣವೇ ಸಾಕು. ಸುಣ್ಣದ ತಿಳಿನೀರನ್ನು ತೆರೆದಿಟ್ಟರೆ ಮೇಲೆ ತೆಳುವಾದ ಬಿಳಿ ಪೊರೆ ಕಟ್ಟುತ್ತದೆ. ಗೋಡೆಗೆ ಬಳಿದ ಸುಣ್ಣ ಒಣಗಿದ ಮೇಲೆ ದಿನೇ ದಿನೇ ಗಟ್ಟಿಯಾಗುತ್ತದೆ. ಎರಡು ಕಡೆಯೂ ನಡೆಯುವುದು ಒಂದೇ ಕ್ರಿಯೆ: ಸುಣ್ಣವು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ. ಆದರೆ ಇದರಿಂದ ಗಾಳಿಗೆ ನಿವ್ವಳ ಲಾಭವಿಲ್ಲ. 100 ಕಿಲೋ ಶುದ್ಧ ಸುಣ್ಣಕಲ್ಲನ್ನು ಭಟ್ಟಿಯಲ್ಲಿ ಸುಟ್ಟಾಗ 56 ಕಿಲೋ ಸುಟ್ಟ ಸುಣ್ಣ ಉಳಿದು, 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿರುತ್ತದೆ. ಸುಣ್ಣ ಗಟ್ಟಿಯಾಗುವಾಗ ಹೆಚ್ಚೆಂದರೆ ಆ 44 ಕಿಲೋ ಮರಳಿ ಬರುತ್ತದೆ, ಅಷ್ಟೆ. ಭಟ್ಟಿಗೆ ಹಾಕಿದ ಸೌದೆ ಅಥವಾ ಕಲ್ಲಿದ್ದಲಿನ ಹೊಗೆ ಬೇರೆ.

ಬಸಾಲ್ಟ್‌ನಂತಹ ಕರಿಕಲ್ಲಿನಲ್ಲಿ ಸ್ಥಿತಿ ಬೇರೆ. ಅದರಲ್ಲಿಯೂ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಇವೆ. ಆದರೆ ಅವು ಇಂಗಾಲದೊಡನೆ ಸೇರಿರದೆ ಸಿಲಿಕದೊಡನೆ ಸೇರಿರುತ್ತವೆ. ಮಳೆನೀರು ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಸೌಮ್ಯವಾದ ಇಂಗಾಲಾಮ್ಲವಾಗುತ್ತದೆ. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಮಣ್ಣಿನೊಳಗಿನ ಗಾಳಿಯಲ್ಲಿ ಈ ಅನಿಲ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚಾಗಿರುತ್ತದೆ. ಈ ಆಮ್ಲ ಕಲ್ಲಿನ ಕಣವನ್ನು ನಿಧಾನವಾಗಿ ಕರಗಿಸುತ್ತದೆ. ಆಗ ಇಂಗಾಲವು ಬೈಕಾರ್ಬೊನೇಟ್ ರೂಪದಲ್ಲಿ ನೀರಿನೊಡನೆ ಇಳಿದು ಹಳ್ಳ, ಹೊಳೆಗಳ ಮೂಲಕ ಸಮುದ್ರ ಸೇರಿ ಸಾವಿರಾರು ವರ್ಷ ಅಲ್ಲಿಯೇ ಉಳಿಯುತ್ತದೆ. ಇಲ್ಲವೆ ಮಣ್ಣಿನಲ್ಲಿಯೇ ಸುಣ್ಣದ ಹರಳಾಗಿ ಕೂರುತ್ತದೆ. ವಿಜಯಪುರ, ಕಲಬುರಗಿ ಕಡೆಯ ಎರೆ ಹೊಲಗಳಲ್ಲಿ ಉಳುವಾಗ ಸಿಗುವ ಸುಣ್ಣದ ಹರಳುಗಳಲ್ಲಿ ಬಹುಪಾಲು ಹೀಗೆಯೇ ಆದವು.

ನಿಸರ್ಗದಲ್ಲಿ ಈ ಕೆಲಸ ತೀರ ನಿಧಾನ. ಅದನ್ನು ಬೇಗ ಮಾಡಿಸುವ ಉಪಾಯವೆಂದರೆ ಕಲ್ಲನ್ನು ನುಣ್ಣಗೆ ಪುಡಿ ಮಾಡುವುದು. ಒಂದು ಸೆಂಟಿಮೀಟರ್ ಅಳತೆಯ ಕಲ್ಲಿನ ಚೌಕವನ್ನು ಒಂದು ಮಿಲಿಮೀಟರ್ ಚೌಕಗಳಾಗಿ ಒಡೆದರೆ ನೀರು ತಗಲುವ ಮೈ ಹತ್ತು ಪಟ್ಟು, ಅದರ ಹತ್ತನೆಯ ಒಂದು ಭಾಗಕ್ಕೆ ಒಡೆದರೆ ನೂರು ಪಟ್ಟು ಹೆಚ್ಚುತ್ತದೆ. ಕ್ರಷರ್‌ಗಳೂ ಗಣಿಗಳೂ ಬೇರೆ ಉದ್ದೇಶಕ್ಕಾಗಿ ಈ ಪುಡಿ ಮಾಡುವ ಖರ್ಚನ್ನು ಆಗಲೇ ಮಾಡಿಬಿಟ್ಟಿವೆ. ತ್ಯಾಜ್ಯಕ್ಕೆ ಬೆಲೆ ಬಂದಿರುವುದು ಈ ಕಾರಣದಿಂದ.

ಇತರೆಡೆ ಕಂಡ ಫಲಿತಾಂಶಗಳು

ಆಸ್ಟ್ರೇಲಿಯದ ಪಶ್ಚಿಮ ಭಾಗದಲ್ಲಿರುವ ಮೌಂಟ್ ಕೀತ್ ನಿಕ್ಕಲ್ ಗಣಿಯ ಶೇಷದಲ್ಲಿ ಮೆಗ್ನೀಸಿಯಂ ಹೇರಳವಾಗಿದೆ. ಆ ಶೇಷದ ರಾಶಿ, ಯಾರೂ ಏನೂ ಮಾಡದಿದ್ದರೂ, ವರ್ಷಕ್ಕೆ ಸುಮಾರು 40,000 ಟನ್ ಇಂಗಾಲದ ಡೈಆಕ್ಸೈಡನ್ನು ಗಾಳಿಯಿಂದ ಹೀರಿ ಖನಿಜವಾಗಿಸುತ್ತಿತ್ತೆಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಗಣಿಯು ಆಗ ವರ್ಷಕ್ಕೆ ಹೊರಬಿಡುತ್ತಿದ್ದ ಅನಿಲದ ಶೇಕಡ 11ರಷ್ಟು ಹೀಗೆ ಅಲ್ಲಿಯೇ ಹಿಂದಕ್ಕೆ ಬರುತ್ತಿತ್ತು.

ಹೊಲದ ಮೇಲಿನ ಪ್ರಯೋಗಗಳಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ್ದು ಗಮನಾರ್ಹ. ಅಲ್ಲಿ ಮೆಕ್ಕೆಜೋಳ ಮತ್ತು ಸೋಯಾಅವರೆ ಬೆಳೆಯುವ ಹೊಲಗಳಿಗೆ ಹೆಕ್ಟೇರಿಗೆ ವರ್ಷಕ್ಕೆ 50 ಟನ್‌ನಂತೆ ನಾಲ್ಕು ವರ್ಷ ಬಸಾಲ್ಟ್ ಪುಡಿ ಹಾಕಲಾಯಿತು. 2024ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಇಳುವರಿ ಶೇಕಡ 12ರಿಂದ 16ರಷ್ಟು ಹೆಚ್ಚಿತು. ಮಣ್ಣಿನ ಹುಳಿ ತಗ್ಗಿತು. ನಾಲ್ಕು ವರ್ಷಗಳಲ್ಲಿ ಹೆಕ್ಟೇರಿಗೆ ಸುಮಾರು 10.5 ಟನ್ ಇಂಗಾಲದ ಡೈಆಕ್ಸೈಡ್ ಹಿಡಿಯಲ್ಪಟ್ಟಿತು. ಈ ಕೊನೆಯ ಅಂಕಿ ಹೆಚ್ಚೂಕಡಿಮೆ 4 ಟನ್ ಅತ್ತಿತ್ತ ಆಗಬಹುದೆಂದೂ ವರದಿ ಹೇಳಿದೆ. ಮಣ್ಣಿನಲ್ಲಿ ಇಂಗಾಲವನ್ನು ಅಳೆಯುವುದು ಎಷ್ಟು ಕಷ್ಟ ಎಂಬುದು ಇದರಿಂದ ತಿಳಿಯುತ್ತದೆ.

ಭಾರತದಲ್ಲಿಯೂ ಈ ಕೆಲಸ ಆರಂಭವಾಗಿದೆ. ಮಧ್ಯಪ್ರದೇಶ ಮತ್ತು ಛತ್ತೀಸ್‌ಗಢದ ಸಣ್ಣ ಹಿಡುವಳಿಗಳ ಭತ್ತದ ಗದ್ದೆಗಳಿಗೆ ಬಸಾಲ್ಟ್ ಪುಡಿ ಹರಡುವ ಮಾಟಿ ಕಾರ್ಬನ್ ಎಂಬ ಸಂಸ್ಥೆಗೆ 2025ರಲ್ಲಿ ಎಕ್ಸ್‌ಪ್ರೈಜ್ ಸ್ಪರ್ಧೆಯ 5 ಕೋಟಿ ಡಾಲರ್ ಬಹುಮಾನ ಬಂದಿತು.

ಎಲ್ಲ ತ್ಯಾಜ್ಯವೂ ಒಂದೇ ಅಲ್ಲ

ಯಾವುದೇ ತ್ಯಾಜ್ಯ ಇಂಗಾಲವನ್ನು ಹಿಡಿಯಬೇಕಾದರೆ ಅದರಲ್ಲಿ ಸಿಲಿಕದೊಡನೆ ಸೇರಿದ ಅಥವಾ ಬಿಡಿಯಾಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಕಷ್ಟಿರಬೇಕು. ಹೊಲಕ್ಕೆ ಯೋಗ್ಯವಾಗಬೇಕಾದರೆ ಇದರ ಜೊತೆಗೆ ಸೋಡಿಯಂ ಮತ್ತು ವಿಷಲೋಹಗಳು ಕಡಿಮೆ ಇರಬೇಕು. ಕರ್ನಾಟಕದಲ್ಲಿ ದೊರೆಯುವ ಕೆಲವು ಪದಾರ್ಥಗಳನ್ನು ಈ ಎರಡು ಅಳತೆಗಳಿಂದ ನೋಡಬಹುದು.

ಬಸಾಲ್ಟ್ ಮತ್ತು ಡಾಲರೈಟ್ ಪುಡಿ: ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕಲಬುರಗಿ, ಬೀದರ್ ಜಿಲ್ಲೆಗಳ ದಖನ್ ಪ್ರಸ್ಥಭೂಮಿಯ ಕರಿಕಲ್ಲು ಬಸಾಲ್ಟ್. ದಕ್ಷಿಣದ ಜಿಲ್ಲೆಗಳಲ್ಲಿ ಬಸಾಲ್ಟ್ ಹಾಸು ಇಲ್ಲ. ಆದರೆ ಬಿಳಿಕಲ್ಲಿನ ನಡುವೆ ಗೋಡೆಯಂತೆ ಹಾದುಹೋಗುವ ಡಾಲರೈಟ್ ಎಂಬ ಕರಿಕಲ್ಲು ಅಲ್ಲಲ್ಲಿ ಸಿಗುತ್ತದೆ. ಇದರ ರಾಸಾಯನಿಕ ಗುಣ ಬಸಾಲ್ಟಿಗೆ ಬಹಳ ಹತ್ತಿರ. ಒಂದು ಟನ್ ಬಸಾಲ್ಟ್ ಪೂರ್ಣವಾಗಿ ಕರಗಿದರೆ ಸುಮಾರು 300 ಕಿಲೋವರೆಗೆ ಇಂಗಾಲದ ಡೈಆಕ್ಸೈಡನ್ನು ಹಿಡಿಯಬಲ್ಲದು. ಆದರೆ ಪೂರ್ಣ ಕರಗಲು ಬಹಳ ವರ್ಷಗಳು ಬೇಕು.

ಗ್ರಾನೈಟ್ ಪುಡಿ: ಬೆಂಗಳೂರು ಸುತ್ತಿನ ಕ್ರಷರ್‌ಗಳಿಂದ ಬರುವ ಪುಡಿ ಹೆಚ್ಚಾಗಿ ಗ್ರಾನೈಟ್ ಮತ್ತು ಅದರ ಜಾತಿಯ ಬಿಳಿಕಲ್ಲಿನದು. ಇದರಲ್ಲಿ ಬೆಣಚು ಹೆಚ್ಚು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಡಿಮೆ. ಇಂಗಾಲ ಹಿಡಿಯುವ ಹೆಸರಿನಲ್ಲಿ ಇದನ್ನು ಹೊಲಕ್ಕೆ ಹಾಕುವುದು ಶ್ರಮಕ್ಕೆ ತಕ್ಕುದಲ್ಲ.

ಉಕ್ಕಿನ ಕಿಟ್ಟ: ಒಂದು ಟನ್ ಉಕ್ಕು ತಯಾರಿಸುವಾಗ ಸುಮಾರು 150ರಿಂದ 200 ಕಿಲೋ ಉಕ್ಕಿನ ಕಿಟ್ಟ ಬರುತ್ತದೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಂತಹ ದೊಡ್ಡ ಉಕ್ಕಿನ ಕೇಂದ್ರಗಳಲ್ಲಿ ಇದು ಅಪಾರ. ಇದರಲ್ಲಿ ಸುಣ್ಣಾಂಶ ಶೇಕಡ 40ರ ಆಸುಪಾಸಿನಲ್ಲಿದ್ದು, ಬಸಾಲ್ಟಿಗಿಂತ ಬೇಗ ಕರಗುತ್ತದೆ. ಶೇಕಡ 40 ಸುಣ್ಣಾಂಶವಿರುವ ಒಂದು ಟನ್ ಕಿಟ್ಟ ಸುಣ್ಣಕಲ್ಲಾಗುವಾಗ ಹೆಚ್ಚೆಂದರೆ 314 ಕಿಲೋ ಅನಿಲವನ್ನು ಹೀರಬಲ್ಲದು. ಆದರೆ ಈ ಸುಣ್ಣವೂ ಕಾರ್ಖಾನೆಯಲ್ಲಿ ಸುಣ್ಣಕಲ್ಲು ಸುಟ್ಟು ಬಂದದ್ದೇ. ಆದ್ದರಿಂದ ಇದು ಹೊಸ ಲಾಭಕ್ಕಿಂತ ಹಳೆಯ ಸಾಲದ ತೀರುವಳಿ ಎನ್ನಬಹುದು. ಊದುಕುಲುಮೆಯ ಕಿಟ್ಟ ಬಹುಪಾಲು ಸಿಮೆಂಟಿಗೆ ಹೋಗುವುದರಿಂದ ಹೊಲಕ್ಕೆ ದೊರೆಯುವುದು ಕಡಿಮೆ.

ಕಿಟ್ಟವನ್ನು ಗೊಬ್ಬರವಾಗಿ ಬಳಸುವುದು ಹೊಸದಲ್ಲ. ರಂಜಕ ಹೆಚ್ಚಾಗಿರುವ ಅದಿರಿನಿಂದ ಉಕ್ಕು ತಯಾರಿಸುವ ವಿಧಾನವನ್ನು ಇಂಗ್ಲೆಂಡಿನ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ 1870ರ ದಶಕದ ಕೊನೆಯಲ್ಲಿ ಕಂಡುಹಿಡಿದ. ಅದರಿಂದ ಬಂದ ರಂಜಕಯುಕ್ತ ಕಿಟ್ಟ ಯೂರೋಪಿನ ಹೊಲಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಜಪಾನಿನಲ್ಲಿ 1955ರಿಂದ ಕಿಟ್ಟವನ್ನು ಭತ್ತಕ್ಕೆ ಸಿಲಿಕ ಗೊಬ್ಬರವಾಗಿ ಅಂಗೀಕರಿಸಲಾಗಿದೆ. ಸಿಲಿಕ ಸಾಕಷ್ಟು ದೊರೆತ ಭತ್ತದ ಪೈರು ಸೆಟೆದು ನಿಂತು, ಬೆಂಕಿ ರೋಗವನ್ನು ಹೆಚ್ಚು ತಡೆಯುತ್ತದೆ. ಆದರೆ ಎಲ್ಲ ಕಿಟ್ಟವೂ ಒಂದೇ ಗುಣದ್ದಲ್ಲ. ಕೆಲವದರಲ್ಲಿ ಕ್ರೋಮಿಯಂ, ವೆನೇಡಿಯಂ ಲೋಹಗಳಿರುತ್ತವೆ. ತುಕ್ಕು ಹಿಡಿಯದ ಉಕ್ಕು ತಯಾರಿಸುವ ಕಡೆಯ ಕಿಟ್ಟವನ್ನು ಹೊಲಕ್ಕೆ ತರಲೇಬಾರದು.

ಅಲ್ಯೂಮಿನದ ಕೆಂಪು ಕೆಸರು: ಬಾಕ್ಸೈಟ್ ಅದಿರಿನಿಂದ ಒಂದು ಟನ್ ಅಲ್ಯೂಮಿನ ತೆಗೆದಾಗ ಒಂದು ಟನ್ನಿಗೂ ಮೇಲ್ಪಟ್ಟು ಕೆಂಪು ಕೆಸರು ಉಳಿಯುತ್ತದೆ. ಇದು ತೀವ್ರ ಕ್ಷಾರವಾಗಿರುವುದರಿಂದ ಇಂಗಾಲದ ಡೈಆಕ್ಸೈಡನ್ನು ಬೇಗ ಹೀರುತ್ತದೆ. ಆಸ್ಟ್ರೇಲಿಯದ ಕ್ವಿನಾನದಲ್ಲಿ 2007ರಿಂದ ಇಂತಹ ಕೆಸರಿಗೆ ಈ ಅನಿಲ ಹಾಯಿಸಿ ಅದರ ಖಾರವನ್ನು ತಗ್ಗಿಸಲಾಗುತ್ತಿತ್ತು. 2024ರಲ್ಲಿ ಅಲ್ಲಿಯ ಅಲ್ಯೂಮಿನ ಉತ್ಪಾದನೆ ನಿಂತಿತು. ಆದರೆ ಇದು ಕಾರ್ಖಾನೆಯ ಆವರಣದೊಳಗೆ ಮಾಡಬೇಕಾದ ಕೆಲಸ. ಕೆಸರಿನಲ್ಲಿರುವ ಸೋಡಿಯಂ ಮಣ್ಣಿನ ರಚನೆಯನ್ನು ಕೆಡಿಸಿ ಸವಳು ಮಾಡುತ್ತದೆ. 2010ರ ಅಕ್ಟೋಬರ್ 4ರಂದು ಹಂಗೇರಿಯ ಅಯ್ಕಾ ಎಂಬಲ್ಲಿ ಕೆಸರಿನ ಕಟ್ಟೆ ಒಡೆದು ಹತ್ತು ಜನ ಸತ್ತರು. ಹೊಲ, ಹೊಳೆಗಳು ಹಾಳಾದವು. ಕೆಂಪು ಕೆಸರನ್ನು ಹೊಲಕ್ಕೆ ಹಾಕಬಾರದು.

ಹಾರುಬೂದಿ: ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿ ವಿದ್ಯುತ್ ಕೇಂದ್ರಗಳಿಂದ ಬರುವಂತಹ ಬೂದಿಯಲ್ಲಿ ಸುಣ್ಣಾಂಶ ಕಡಿಮೆ. ಇಟ್ಟಿಗೆಗೆ, ಸಿಮೆಂಟಿಗೆ ಇದು ಒಳ್ಳೆಯದು; ಇಂಗಾಲ ಹಿಡಿಯುವ ಶಕ್ತಿ ಅತ್ಯಲ್ಪ.

ಕಾಗದ ಕಾರ್ಖಾನೆಯ ಸುಣ್ಣದ ಕೆಸರು: ಹುಳಿ ಮಣ್ಣಿಗೆ ಇದು ಉಪಯುಕ್ತ. ಆದರೆ ಇದು ಬಹುಪಾಲು ಸುಣ್ಣಕಲ್ಲಿನ ರೂಪದಲ್ಲಿಯೇ ಇರುವುದರಿಂದ ಇಂಗಾಲವನ್ನು ಆಗಲೇ ತುಂಬಿಕೊಂಡಿರುತ್ತದೆ. ಪುಡಿಯ ಮೇಲೆ ನಿಂಬೆರಸ ಹಿಂಡಿದಾಗ ನೊರೆಯೆದ್ದರೆ ಅದರಲ್ಲಿ ಸುಣ್ಣಕಲ್ಲಿನ ಅಂಶವಿದೆ ಎಂದು ತಿಳಿಯಬೇಕು. ಹೊಸ ಬಸಾಲ್ಟ್ ಪುಡಿಯಲ್ಲಿ ಸಾಮಾನ್ಯವಾಗಿ ನೊರೆ ಬಾರದು.

ಗಣಿ ಶೇಷಗಳು: ಕುದುರೆಮುಖದಲ್ಲಿ 2005ರವರೆಗೆ ನಡೆದ ಕಬ್ಬಿಣದ ಗಣಿಯ ಶೇಷ ಬಹುಪಾಲು ಬೆಣಚುಪುಡಿ, ಅದಕ್ಕೆ ಇಂಗಾಲ ಹಿಡಿಯುವ ಗುಣವಿಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ಶೇಷವನ್ನು ಜನರು ಸೈನೈಡ್ ದಿಬ್ಬಗಳೆಂದೇ ಕರೆಯುತ್ತಾರೆ. ಅದರ ಹತ್ತಿರ ಹೋಗಬಾರದು. ಹಾಸನ ಜಿಲ್ಲೆಯ ಬೈರಾಪುರದಂತಹ ಕ್ರೋಮೈಟ್ ಗಣಿಗಳ ಸುತ್ತಿನ ಕಲ್ಲಿನಲ್ಲಿ ಮೆಗ್ನೀಸಿಯಂ ಹೇರಳವಾಗಿದ್ದು ಇಂಗಾಲ ಹಿಡಿಯುವ ಶಕ್ತಿ ಬಸಾಲ್ಟಿಗಿಂತ ಹೆಚ್ಚು. ಆದರೆ ಅದರೊಡನೆ ನಿಕ್ಕಲ್, ಕ್ರೋಮಿಯಂ ಲೋಹಗಳೂ, ಕೆಲವೆಡೆ ಕಲ್ನಾರಿನ ಎಳೆಗಳೂ ಇರುತ್ತವೆ. ಇವು ಆಹಾರ ಬೆಳೆಯುವ ಭೂಮಿಗೆ ತಕ್ಕುದಲ್ಲ. ಮೌಂಟ್ ಕೀತ್‌ನಂತೆ ಗಣಿಯ ಆವರಣದಲ್ಲಿಯೇ ಅವುಗಳಿಂದ ಕೆಲಸ ತೆಗೆಯಬೇಕು.

ಯಾವ ಮಣ್ಣಿಗೆ?

ಕಲ್ಲುಪುಡಿಯಾಗಲಿ ಕಿಟ್ಟವಾಗಲಿ ಮಣ್ಣಿನ ಹುಳಿಯನ್ನು ತಗ್ಗಿಸುತ್ತದೆ. ಆದ್ದರಿಂದ ಇವು ತಕ್ಕುವು ಕರಾವಳಿ ಮತ್ತು ಮಲೆನಾಡಿನ ಹುಳಿ ಮಣ್ಣುಗಳಿಗೆ, ಅಂದರೆ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿನ ಜಂಬಿಟ್ಟಿಗೆ ಮತ್ತು ಕೆಂಪು ಮಣ್ಣುಗಳಿಗೆ. ಅಲ್ಲಿಯ ಬಿಸಿಲು ಮತ್ತು ಮಳೆ ಕಲ್ಲು ಬೇಗ ಕರಗಲು ಅನುಕೂಲ. ತೀರ ಹುಳಿಯಾದ ಮಣ್ಣಿನಲ್ಲಿ ಪುಡಿಯ ಶಕ್ತಿ ಮೊದಲು ಮಣ್ಣಿನ ಹುಳಿಯನ್ನು ತಗ್ಗಿಸುವುದಕ್ಕೇ ವ್ಯಯವಾಗಿ, ಇಂಗಾಲ ಹಿಡಿಯುವುದು ಕಡಿಮೆಯಾಗುತ್ತದೆ. ಗಾಳಿಗೆ ಲಾಭ ತಡವಾದರೂ ಬೆಳೆಗೆ ಲಾಭ ಮೊದಲೇ ದೊರೆಯುತ್ತದೆ.

ಉತ್ತರದ ಎರೆಭೂಮಿಗಳ ರಸಸಾರ ಸಾಮಾನ್ಯವಾಗಿ 8ರ ಆಸುಪಾಸಿನಲ್ಲಿರುತ್ತದೆ. ಆ ಮಣ್ಣು ಬಹುಪಾಲು ಬಸಾಲ್ಟ್ ಕರಗಿಯೇ ಆದದ್ದು. ಅಲ್ಲಿ ಕಿಟ್ಟ ಹಾಕಿದರೆ ಕ್ಷಾರ ಇನ್ನೂ ಏರಿ ಸತು ಮತ್ತು ಕಬ್ಬಿಣದ ಕೊರತೆ ಕಾಣಿಸಿಕೊಂಡು ಎಲೆ ಹಳದಿಯಾಗುತ್ತದೆ. ಒಳ್ಳೆಯ ಕಲ್ಲು ಹೇರಳವಾಗಿರುವ ಕಡೆ ಮಣ್ಣಿಗೆ ಅದರ ಅಗತ್ಯವಿಲ್ಲ. ಅಗತ್ಯವಿರುವ ಕಡೆ ಆ ಕಲ್ಲು ಹೇರಳವಾಗಿಲ್ಲ. ಕರ್ನಾಟಕದ ಮಟ್ಟಿಗೆ ಇದೇ ದೊಡ್ಡ ತೊಡಕು.

ಲಾರಿಯ ಲೆಕ್ಕ

ಈ ತೊಡಕು ಎಷ್ಟು ದೊಡ್ಡದೆಂಬುದು ಒಂದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. ಇಲಿನಾಯ್‌ನಲ್ಲಿ ಹೆಕ್ಟೇರಿಗೆ ಒಟ್ಟು 200 ಟನ್ ಪುಡಿ ಹಾಕಿ ನಾಲ್ಕು ವರ್ಷದಲ್ಲಿ 10.5 ಟನ್ ಅನಿಲ ಹಿಡಿಯಲಾಯಿತು. ಎಂದರೆ ಆ ಅವಧಿಯಲ್ಲಿ ಟನ್ನು ಪುಡಿಗೆ ಸುಮಾರು 50 ಕಿಲೋ. 10 ಟನ್ನಿನ ಒಂದು ಲಾರಿಗೆ ಸುಮಾರು 500 ಕಿಲೋ. ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 4 ಕಿಲೋಮೀಟರ್ ಓಡುವ ಲಾರಿ 300 ಕಿಲೋಮೀಟರ್ ದೂರ ಹೋಗಿ ಬರಿದಾಗಿ ಮರಳಿದರೆ 150 ಲೀಟರ್ ಡೀಸೆಲ್ ಸುಟ್ಟು ಸುಮಾರು 405 ಕಿಲೋ ಅನಿಲ ಬಿಡುತ್ತದೆ. ಹಿಡಿದದ್ದರಲ್ಲಿ ಉಳಿದದ್ದು ನೂರು ಕಿಲೋಗೂ ಕಡಿಮೆ. ಅದೇ 50 ಕಿಲೋಮೀಟರ್ ದೂರದಿಂದ ತಂದರೆ ಹೋಗಿಬರಲು 25 ಲೀಟರ್ ಸಾಕು. ಬಿಟ್ಟ ಅನಿಲ 70 ಕಿಲೋ ಮೀರದು. ಆದ್ದರಿಂದ ಹತ್ತಿರದ ಡಾಲರೈಟ್ ಕ್ರಷರ್‌ನ ಪುಡಿ ದೂರದ ಬಸಾಲ್ಟಿಗಿಂತ ಮೇಲು. ದೂರದಿಂದ ತಂದ ಪುಡಿ ಗಾಳಿಯನ್ನು ಶುದ್ಧಿ ಮಾಡುತ್ತದೆಂದು ಯಾರಾದರೂ ಹೇಳಿದರೆ ಮೊದಲು ಈ ಲೆಕ್ಕ ಕೇಳಬೇಕು.

ಬಳಸುವ ಮುನ್ನ ಗಮನಿಸಬೇಕಾದ ಅಂಶಗಳು

1. ಮೊದಲು ಮಣ್ಣು ಪರೀಕ್ಷೆ ಮಾಡಿಸಬೇಕು. ರಸಸಾರ 6ಕ್ಕಿಂತ ಕಡಿಮೆ ಇದ್ದರೆ ಮಾತ್ರ ಮುಂದಿನ ವಿಚಾರ.

2. ಪುಡಿ ಯಾವ ಕಲ್ಲಿನದು, ಕಿಟ್ಟ ಯಾವ ಕುಲುಮೆಯದು ಎಂದು ಕೇಳಿ ತಿಳಿಯಬೇಕು. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ನಿಕ್ಕಲ್, ಕ್ರೋಮಿಯಂ, ಸೀಸ, ಕ್ಯಾಡ್ಮಿಯಂ, ಪಾಷಾಣಗಳ ಪ್ರಯೋಗಾಲಯ ವರದಿ ಇಲ್ಲದ ಪುಡಿಯನ್ನು ಪಡೆಯಬಾರದು.

3. ಹಿಟ್ಟಿನಂತೆ ನುಣುಪಾದ ಪುಡಿಯೇ ಬೇಕು. ಜಲ್ಲಿಯ ಚೂರು, ದಪ್ಪ ಮರಳು ಅಷ್ಟಾಗಿ ಉಪಯೋಗಕ್ಕೆ ಬಾರದು.

4. ಇಡೀ ಹೊಲಕ್ಕೆ ಒಮ್ಮೆಗೇ ಹಾಕದೆ ಒಂದು ಗುಂಟೆಯಲ್ಲಿ ಪ್ರಯೋಗ ಮಾಡಬೇಕು. ಗುಂಟೆಗೆ 100 ಕಿಲೋ ಬಸಾಲ್ಟ್ ಅಥವಾ ಡಾಲರೈಟ್ ಪುಡಿ ಹಾಕಿದರೆ ಎಕರೆಗೆ 4 ಟನ್ನಿನಂತಾಗುತ್ತದೆ. ಪಕ್ಕದಲ್ಲಿಯೇ ಅಷ್ಟೇ ಜಾಗವನ್ನು ಪುಡಿ ಹಾಕದೆ ಬಿಟ್ಟು, ಎರಡು ಹಂಗಾಮಿನ ಇಳುವರಿಯನ್ನು ತೂಗಿ ನೋಡಬೇಕು. ಕಿಟ್ಟಕ್ಕೆ ಈ ಪ್ರಮಾಣ ಅನ್ವಯಿಸದು. ಅದನ್ನು ಮಣ್ಣು ಪರೀಕ್ಷಾ ಕೇಂದ್ರ ತಿಳಿಸಿದ ಸುಣ್ಣದ ಅಗತ್ಯವನ್ನು ನೋಡಿಯೇ ನಿರ್ಧರಿಸಬೇಕು.

5. ಮುಂಗಾರಿಗೆ ಮುಂಚೆ ಹರಡಿ, ಮೇಲ್ಮಣ್ಣಿನಲ್ಲಿ ಬೆರೆಯುವಂತೆ ಉಳಬೇಕು. ಕೊಟ್ಟಿಗೆ ಗೊಬ್ಬರ ಹಾಕಿದ ಮಣ್ಣಿನಲ್ಲಿ ಜೀವಿಗಳ ಉಸಿರಾಟ ಹೆಚ್ಚಾಗಿ ಕಲ್ಲು ಬೇಗ ಕರಗುತ್ತದೆ. ಆದರೆ ಕಿಟ್ಟವನ್ನು ಯೂರಿಯ ಅಥವಾ ಅಮೋನಿಯ ಗೊಬ್ಬರಗಳೊಡನೆ ಬೆರೆಸಿ ಹಾಕಬಾರದು; ಸಾರಜನಕ ಆವಿಯಾಗಿ ನಷ್ಟವಾಗುತ್ತದೆ.

6. ಕಲ್ಲಿನ ನುಣುಪು ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಪುಡಿಯನ್ನು ಹದವಾಗಿ ನೀರು ಚಿಮುಕಿಸಿ, ಗಾಳಿಯಿಲ್ಲದ ಹೊತ್ತಿನಲ್ಲಿ, ಧೂಳು ತಡೆಯುವ ಮಾಸ್ಕ್ ಧರಿಸಿ ಹರಡಬೇಕು. ಬರಿಯ ಟವೆಲ್ ಕಟ್ಟಿಕೊಂಡರೆ ಸಾಲದು. ಮಕ್ಕಳನ್ನು ದೂರವಿಡಬೇಕು.

7. ಪುಡಿಯು ಗೊಬ್ಬರಕ್ಕೆ ಬದಲಿಯಲ್ಲ. ಇದರಲ್ಲಿ ಸಾರಜನಕವಿಲ್ಲ. ಶಿಫಾರಸು ಮಾಡಿದ ಗೊಬ್ಬರಗಳನ್ನು ಎಂದಿನಂತೆ ಕೊಡಬೇಕು.

ಇಂಗಾಲದ ಹಣ

ಹಿಡಿದ ಇಂಗಾಲದ ಲೆಕ್ಕವನ್ನು ಹಣಕ್ಕೆ ಮಾರುವ ವ್ಯವಸ್ಥೆ ಹಲವು ದೇಶಗಳಲ್ಲಿದೆ. ಭಾರತ ಸರ್ಕಾರವೂ 2023ರಲ್ಲಿ ಇಂಗಾಲದ ವ್ಯಾಪಾರದ ಯೋಜನೆಯನ್ನು ಪ್ರಕಟಿಸಿದೆ. ಪುಡಿ ಹರಡುವ ಸಂಸ್ಥೆಗಳ ಆದಾಯ ಬಹುಮಟ್ಟಿಗೆ ಈ ಮಾರಾಟದಿಂದ ಬರುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಅದನ್ನು ಕನ್ನಡದಲ್ಲಿ ಓದಿಸಿಕೊಳ್ಳಬೇಕು. ಮಾರಾಟದಲ್ಲಿ ರೈತನ ಪಾಲೆಷ್ಟು, ಎಷ್ಟು ವರ್ಷಗಳ ಕಟ್ಟುಪಾಡು, ಮಣ್ಣಿನ ಮಾದರಿ ಯಾರು ತೆಗೆಯುತ್ತಾರೆ, ಅದರ ಫಲಿತಾಂಶ ರೈತನಿಗೂ ಸಿಗುತ್ತದೆಯೆ, ಭೂಮಿ ಕೆಟ್ಟರೆ ಹೊಣೆ ಯಾರದು ಎಂಬ ಐದು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರವಿರಬೇಕು. ಈ ಹಣವನ್ನು ನಂಬಿ ಸಾಲ ಮಾಡುವುದಾಗಲಿ, ಬೆಳೆ ಬದಲಿಸುವುದಾಗಲಿ ವಿವೇಕವಲ್ಲ.

ಗಾಳಿಗೆ ಇಂಗಾಲ ಬಿಟ್ಟದ್ದು ಹೆಚ್ಚಾಗಿ ರೈತರಲ್ಲ. ಅದನ್ನು ಹಿಂದಕ್ಕೆ ಪಡೆಯುವ ಕೆಲಸದಲ್ಲಿ ರೈತರ ಭೂಮಿ ನೆರವಾಗಬಹುದು. ಆದರೆ ಕಾರ್ಖಾನೆಯ ಕಸಕ್ಕೆ ತೊಟ್ಟಿಯಾಗಬಾರದು. ಪುಡಿಯಿಂದ ಮೊದಲು ಬೆಳೆಗೆ ಹಿತವಾಗಬೇಕು, ಗಾಳಿಗೆ ಆಗುವ ಹಿತ ಅದರ ಬೆನ್ನಿಗೆ ಬರಬೇಕು. ಹುಳಿ ಮಣ್ಣಿರುವ ರೈತರು ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ಮಣ್ಣಿನ ಮತ್ತು ಪುಡಿಯ ಮಾದರಿಗಳೆರಡನ್ನೂ ಒಯ್ದು, ಸಲಹೆ ಪಡೆದು, ಒಂದು ಗುಂಟೆಯಿಂದ ಆರಂಭಿಸುವುದು ಲೇಸು.